ಹಬೆಮನೆಯಲ್ಲಿ ಸಕ್ಕರೆ

ನಮ್ಮ ಎಸ್ಟೋನಿಯ ಯುರೋಪಿನ ಒಕ್ಕೂಟಕ್ಕೆ ಸೇರಿದ ವಸಂತದಲ್ಲಿ ಪಕ್ಕದ ಮನೆಯ ವೈಕೆಯ ಹಬೆಮನೆಯಲ್ಲಿ ಯಾರೂ ಹಬೆಸ್ನಾನ ಮಾಡಲಿಲ್ಲ. ಒಳಗೆ ನೆಲದಿಂದ ಸೂರಿನವರೆಗೆ ಸಕ್ಕರೆ ಚೀಲಗಳಿದ್ದವು. ಒಕ್ಕೂಟ ಸೇರಿದರೆ ಸಕ್ಕರೆ ತುಟ್ಟಿಯಾಗುತ್ತದೆಂದು ಊರಿಗೆ ಊರೇ ಕೊಂಡಿಟ್ಟಿತ್ತು. ಬರಿದಾದ ಅಂಗಡಿಗಳ ಮುಂದೆ ಸರದಿ ನಿಂತು ಬೆಳೆದವರು ನಾವು. ಜಾಮ್ ಇಲ್ಲದೆ ಚಳಿಗಾಲ ಕಳೆಯುವುದು ಗೊತ್ತಿಲ್ಲ. ನಾನೂ ಮಂಚದ ಕೆಳಗೆ ಹಿಡಿಯುವಷ್ಟು ಕೊಂಡೆ. ವೈಕೆಯದು ಮಾತ್ರ ಒಂದು ಕೈ ಹೆಚ್ಚು.

ವಾರದ ಸ್ನಾನದ ದಿನವಾದ ಶನಿವಾರ ಸಂಜೆ ಅವಳ ಗಂಡ ಕಾಲ್ಯು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಮ್ಮ ಹಬೆಮನೆಗೆ ಬರುತ್ತಿದ್ದ. "ಟೀಚರೇ, ನನ್ನ ಹೆಂಡ್ತಿ ಇರುವೆಗಳಿಗೆ ಅರಮನೆ ಕಟ್ಟಿಸಿದಾಳೆ. ನನಗೇ ಜಾಗ ಇಲ್ಲ."

"ಚಳಿಗಾಲದಲ್ಲಿ ಬ್ರೆಡ್ಡಿಗೆ ಜಾಮ್ ಬೇಡ ಅನ್ನು, ನೋಡೋಣ!" ಎಂದು ಬೇಲಿಯಾಚೆಯಿಂದ ವೈಕೆ ಕೂಗುತ್ತಿದ್ದಳು.

ನಗು ನಿಂತದ್ದು ಜೂನ್‌ನಲ್ಲಿ. ದೇಶದಲ್ಲಿ ಅಳತೆ ಮೀರಿ ಸಕ್ಕರೆ ಸೇರಿದೆ, ಒಕ್ಕೂಟದವರು ದಂಡ ಹಾಕುತ್ತಾರೆ ಎಂಬ ಮಾತು ಹಬ್ಬಿತು. ಅದೇ ವಾರ ಹಾಲಿನ ತಪಾಸಣೆಯವರು ಬರುತ್ತಾರೆಂದು ಡೈರಿಯಿಂದ ಸುದ್ದಿ ಬಂತು. ಇನ್ನು ಮುಂದೆ ಹೊಸ ನಿಯಮಕ್ಕೆ ಹೊಂದಿದ ಕೊಟ್ಟಿಗೆಯ ಹಾಲನ್ನು ಮಾತ್ರ ಕೊಳ್ಳುತ್ತಾರೆ. ಇಲ್ಲವಾದರೆ ವೈಕೆ, ಕಾಲ್ಯು ಹಸುಗಳನ್ನು ಮಾರಬೇಕು. ಅವರಿಗೆ ಬೇರೆ ಬದುಕಿರಲಿಲ್ಲ.

"ಸಕ್ಕರೆ ಕಣ್ಣಿಗೆ ಬಿದ್ರೆ ಹಾಲೂ ಹೋಯ್ತು ಅಂತಲೇ," ವೈಕೆ ನನ್ನ ಕೈ ಹಿಡಿದಳು. "ಅವತ್ತು ಬಂದು ಕೂತಿರಿ ಟೀಚರೇ. ನೀವಿದ್ರೆ ಧೈರ್ಯ."

ತಪಾಸಣೆಗೆ ಬಂದವನ ಹೆಸರು ಮಾರ್ಗುಸ್. ಬೂಟು ತೊಳೆದುಕೊಂಡು ಕೊಟ್ಟಿಗೆಗೆ ಹೋದ. ಹಸುವನ್ನು ಮುಟ್ಟುವ ಮುನ್ನ ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡ. ಅದನ್ನು ಕಂಡು ನನ್ನ ಅರ್ಧ ಭಯ ಹೋಯಿತು. ಸುಣ್ಣ ಬಳಿದ ಗೋಡೆ, ಹಾಲು ತಂಪು ಮಾಡುವ ಹೊಸ ತೊಟ್ಟಿ, ಎಲ್ಲಕ್ಕೂ ತಲೆಯಾಡಿಸಿದ.

"ಕ್ಯಾನು ತೊಳೆಯೋ ಬಿಸಿನೀರು ಎಲ್ಲಿಂದ?"

"ಹಬೆಮನೆ ಹಂಡೆಯಿಂದ," ಎಂದುಬಿಟ್ಟ ಕಾಲ್ಯು. ಅವನ ಅಜ್ಜನ ಕಾಲದಿಂದ ಅದೇ ಹಂಡೆ. ವಸಂತದಿಂದೀಚೆಗೆ ವೈಕೆ ಅಡುಗೆಮನೆಯಲ್ಲಿ ಪಾತ್ರೆ ಪಾತ್ರೆ ನೀರು ಕಾಯಿಸುತ್ತಿದ್ದದ್ದು ಆ ಗಳಿಗೆಗೆ ಅವನ ನೆನಪಿಗೆ ಬರಲಿಲ್ಲ.

"ತೋರಿಸಿ."

ವೈಕೆ ಹಬೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಒಳಗೆ ಕೋಳಿ ಕಾವಿಗೆ ಕೂತಿದೆ."

"ಹಬೆಮನೇಲಾ?"

"ಅದಕ್ಕೂ ಬೆಚ್ಚಗಿರಬೇಕಲ್ಲ," ಎಂದ ಕಾಲ್ಯು, ತಡವಾಗಿ ಹೆಂಡತಿಯ ನೆರವಿಗೆ ಬಂದು.

ಮಾರ್ಗುಸ್ ಮೆಲ್ಲಗೆ ಬಾಗಿಲು ತೆರೆದ. ಮೇಲಿನ ಚೀಲವೊಂದು ಜಾರಿ ಅವನ ಕಾಲ ಬುಡದಲ್ಲಿ ಬಿತ್ತು. ವೈಕೆ ಕಣ್ಣು ಮುಚ್ಚಿಕೊಂಡಳು.

ಅವನು ಹೊಸ್ತಿಲ ಮೇಲೆ ಕೂತೇಬಿಟ್ಟ. "ನಮ್ಮಮ್ಮ ಪಿಯಾನೋ ಒಳಗೂ ಸಕ್ಕರೆ ತುಂಬಿದಾಳೆ. ತಂಗಿ ನುಡಿಸೋಕೆ ಕೂತ್ರೆ ಸ್ವರಾನೇ ಹೊರಡಲ್ಲ."

"ದಂಡ?" ವೈಕೆ ಒಂದು ಕಣ್ಣು ತೆರೆದಳು.

"ನಾನು ಹಾಲು ನೋಡೋಕೆ ಬಂದವನು, ಅಮ್ಮ. ಸಕ್ಕರೆಗಾಗಿ ಯಾರೂ ನಿಮ್ಮ ಮನೆ ಹುಡುಕಲ್ಲ. ಆದ್ರೆ ಹಂಡೆ ಕಾಯದೆ ನಾನು ಸಹಿ ಹಾಕೋ ಹಾಗಿಲ್ಲ." ಎದ್ದು ಕೋಟು ಕಳಚಿದ. "ಹಿಡೀರಿ ಕಾಲ್ಯು, ಆ ತುದಿ."

ಮೂವರೂ ಚೀಲಗಳನ್ನು ಮನೆಗೆ ಹೊತ್ತರು. ನಾನು ಸುಮ್ಮನೆ ನಿಂತಿರಬಾರದೆಂದು ಮಾರ್ಗುಸ್ ತನ್ನ ಕೋಟನ್ನು ನನ್ನ ಕೈಗೆ ಕೊಟ್ಟಿದ್ದ. "ಮಣ್ಣಾಗದ ಹಾಗೆ ನೋಡ್ಕೊಳ್ಳಿ ಟೀಚರೇ," ಎಂದಿದ್ದ. ಒಲೆ ಹೊತ್ತಿತು, ಹಂಡೆ ಸದ್ದು ಮಾಡಿತು. ನೀರಿನ ಬಿಸಿ ಅಳೆದು, ಅಲ್ಲೇ ಮೆಟ್ಟಿಲ ಮೇಲೆ ಕಾಗದವಿಟ್ಟು ಸಹಿ ಹಾಕಿದ.

ವೈಕೆ ಓಡಿ ಹೋಗಿ ಜಾಮ್ ಶೀಶೆ ತಂದಳು.

"ಬೇಡಮ್ಮ, ಇದನ್ನ ತಗೊಂಡು ಹೋಗೋ ಹಾಗಿಲ್ಲ," ಎಂದ. ಅವಳ ಮುಖ ನೋಡಿ, "ಚಹಾ ಜೊತೆ ಒಂದು ಚಮಚ ಆದೀತು," ಎಂದ.

ಅಂದು ಶನಿವಾರವಲ್ಲ. ಆದರೂ ಕಾದ ಹಂಡೆಯನ್ನು ಬಿಡಲುಂಟೇ? ಕಾಲ್ಯು ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದು ತನ್ನ ಹಬೆಮನೆಗೇ ಹೋದ.

ಈಗ ಅವರ ಹಾಲು ಚೀಸ್ ಆಗಿ ಸಮುದ್ರ ದಾಟುತ್ತದೆ, ಮೊದಲಿಗಿಂತ ಒಳ್ಳೆಯ ಬೆಲೆಯೂ ಸಿಗುತ್ತದೆ. ಹಸುಗಳೆಲ್ಲ ಕೊಟ್ಟಿಗೆಯಲ್ಲೇ ಇವೆ. ಸಕ್ಕರೆಯೂ ತುಟ್ಟಿಯಾಯಿತು. "ನಾನು ಹೇಳಿರಲಿಲ್ವಾ?" ಎಂದು ವೈಕೆ ತಿಂಡಿಯ ಹೊತ್ತಿಗೆ ತಪ್ಪದೆ ಕೇಳುತ್ತಾಳೆ. ಕಾಲ್ಯುವಿನ ಬಾಯಿ ತುಂಬ ಜಾಮ್.