ಖಾಲಿ ಸೀಟುಗಳ ಬಸ್ಸು

“ಏ ಭೀಮವ್ವಾ, ಸೀಟಿಗೆ ಕುಂಡಿ ಹಚ್ಚಬ್ಯಾಡ! ಫಿನಾಯಿಲ್ ನಾತ ಹಿಡೀತದ. ಕೆಳಗ ಕೂಡು!”

ಗುತ್ತಿಗೆಯ ಮೇಸ್ತ್ರಿ ರಾಘಣ್ಣ ದಿನವೂ ಹೀಗೆಯೇ ಕೂಗುತ್ತಿದ್ದ. ಕೋಥರೂಡದಿಂದ ಹಿಂಜವಾಡಿಗೆ ಹೋಗುವ ಕಂಪನಿ ಬಸ್ಸಿನ ಸೀಟುಗಳು ಕಂಪ್ಯೂಟರ್ ಸಾಹೇಬರಿಗೆ. ಕಸ ಹೊಡೆಯುವ ಹೆಂಗಸರಿಗೆ ಹಿಂದಿನ ನೆಲ. ಭೀಮವ್ವ ಗೋಣಿ ಹಾಸಿ, ಬಾತ ಮೊಣಕಾಲು ಚಾಚಿ ಕೂರುತ್ತಿದ್ದಳು. ಪಕ್ಕದಲ್ಲಿ, ಇಂಡಿ ತಾಲೂಕಿನಿಂದ ಹೊಸದಾಗಿ ಬಂದ ಅಪ್ಪಿ. ರಸ್ತೆಯ ಉಬ್ಬು ಬಂದರೆ ಡ್ರೈವರ್ ಭುಜಂಗ ಬಸ್ಸನ್ನು ಮೆಲ್ಲಗೆ ಇಳಿಸುತ್ತಿದ್ದ. ಅದು ಅವರಿಗಾಗಿ ಎಂದು ಅವನು ಯಾವತ್ತೂ ಹೇಳಿರಲಿಲ್ಲ.

ಆ ವರ್ಷ ಸಾಹೇಬರಿಗೆ ಶುಕ್ರವಾರ ಮನೆಯಿಂದಲೇ ಕೆಲಸ ಎಂದಾಯಿತು. ಶುಕ್ರವಾರ ಸೀಟೆಲ್ಲ ಬರಿದು. ಹೆಂಗಸರು ಮಾತ್ರ ರೂಢಿಯಂತೆ ನೆಲದ ಮೇಲೆ. ಒಂದು ಶುಕ್ರವಾರ ಕಂಪನಿಯ ಸಾರಿಗೆ ಅಧಿಕಾರಿ ಮೆಟ್ಟಿಲ ಮೇಲೆ ನಿಂತು ಸೀಟುಗಳತ್ತ ಕಣ್ಣಾಡಿಸಿದ.

“ಬಸ್ ತರ್ ರಿಕಾಮೀಚ್ ಆಹೇ,” ಎಂದು ಮರಾಠಿಯಲ್ಲಿ ಹೇಳಿ ಇಳಿದುಹೋದ.

“ಏನಂದಬೇ ಅವಾ?” ಅಪ್ಪಿ ಭೀಮವ್ವನನ್ನು ಕೇಳಿದಳು.

“ಬಸ್ ಖಾಲಿ ಅದ ಅಂದ.”

“ಮತ್ತ ನಾವೇನ್ ಹೆಣಾ ಏನು?”

“ಹೆಣಾ ಇದ್ರ ಎಣಸ್ತಿದ್ದ ಬಿಡು.”

ಮುಂದಿನ ಶುಕ್ರವಾರ ಬಸ್ಸು ಬರಲಿಲ್ಲ. ಬೆಳಗಿನ ಆ ಹೊತ್ತಿಗೆ ಆ ದಾರಿಗೆ ಬೇರೆ ಬಸ್ಸಿರಲಿಲ್ಲ. ಚಾಂದನಿ ಚೌಕ, ಬಾವಧನ ದಾಟಿ ನಡೆದರು. ಕಂಪನಿಯ ಗೇಟು ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ರಾಘಣ್ಣ ಅಲ್ಲೇ ಕಾದು ನಿಂತಿದ್ದ.

“ಈಗ ಬಂದ್ಯಾ ರಂಡೆ?”

“ಬಸ್ ಇಲ್ರೀ ಯಣ್ಣಾ.”

“ಸಾಹೇಬ್ರು ಮನ್ಯಾಗ ಕುಂತ ಕೆಲಸಾ ಮಾಡ್ತಾರ. ನೀನೂ ಮನಿಯಿಂದನ ಸಂಡಾಸ ತೊಳಿ!” ರಾಘಣ್ಣ ನಕ್ಕ. “ಇನ್ನೊಂದ್ ಶುಕ್ರವಾರ ತಡಾ ಆತಂದ್ರ ನಿನ್ನ ಜಾಗಾಕ್ಕ ಬ್ಯಾರೆಯಾಕಿ.”

ಕಾವಲುಗಾರರೂ ನಕ್ಕರು. ಒಬ್ಬ ಮಾತ್ರ ನಗದೆ ತನ್ನ ನೀರಿನ ಬಾಟಲಿ ಚಾಚಿದ. ಭೀಮವ್ವ ಕುಡಿದಳು. ಒಳಗೆ ಹೋಗಿ ಬಕೆಟ್ಟು ಹಿಡಿದಳು. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

ಸೋಮವಾರ ಬಸ್ಸು ಬಂತು. ಭೀಮವ್ವ ಎಲ್ಲರಿಗಿಂತ ಮೊದಲು ಹತ್ತಿ, ಮುಂದಿನ ಕಿಟಕಿಯ ಸೀಟಿನಲ್ಲಿ ಕೂತಳು. ಅಪ್ಪಿ ಪಕ್ಕಕ್ಕೆ ಕೂತಳು. ಉಳಿದ ಹೆಂಗಸರು ಮುಖ ಮುಖ ನೋಡಿಕೊಂಡು, ಒಬ್ಬೊಬ್ಬರಾಗಿ ಹಿಂದಿನ ಸೀಟುಗಳಲ್ಲಿ ಕೂತರು. ಸಾಹೇಬರು ಬ್ಯಾಗು ಹೊತ್ತು ಬಾಗಿಲಲ್ಲೇ ನಿಂತರು.

“ಏಳ್ರಿ ಮ್ಯಾಲೆ, ಹಲ್ಕಟ್ ಹೆಂಗಸ್ರಾ! ಯಾರ್ ಹೇಳ್ಯಾರ ಇಲ್ಲಿ ಕುಂದ್ರಾಕ?” ರಾಘಣ್ಣ ಕೂಗಿದ.

“ಶುಕ್ರವಾರದ ಬಸ್ ಬರೂತನಾ ಏಳೂದಿಲ್ಲ,” ಭೀಮವ್ವನ ದನಿ ಏರಲಿಲ್ಲ. “ಬಸ್ ಖಾಲಿ ಅದ ಅಂದ ಆ ಸಾಹೇಬನ್ನ ಕರಿ. ಎಣಸ್ಲಿ.”

ರಾಘಣ್ಣ ರಟ್ಟೆ ಹಿಡಿದು ಜಗ್ಗಿದ. ಅವಳು ಮುಂದಿನ ಕಂಬಿಯನ್ನು ಬಿಡಲಿಲ್ಲ. ಬಳೆ ಒಡೆಯಿತು. ಭುಜಂಗ ಇಂಜಿನ್ ಆರಿಸಿ ಕೀಲಿಯನ್ನು ಕಿಸೆಗೆ ಹಾಕಿಕೊಂಡ.

ಹಿಂದೆ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಗೋಣಿ ಭೀಮವ್ವನ ತೊಡೆಯ ಮೇಲಿತ್ತು. ದಿನವೂ ನೆಲದ ಮೇಲೆ ಚಾಚುತ್ತಿದ್ದ ಕಾಲನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.