ತಮ್ಮನ ದನಿಯ ವಿಳಾಸ

ನನ್ನ ತಮ್ಮನಿಗೆ ಸ್ಕೀಮ್ ಎಂಬ, ಸಾಲುಸಾಲಿಗೂ ಕಂಸಗಳಿರುವ ಕಂಪ್ಯೂಟರ್ ಭಾಷೆಯ ಹುಚ್ಚು. ತೆರೆದ ಕಂಸಗಳನ್ನು ಮುಚ್ಚುವುದರಲ್ಲೇ ನಿನ್ನ ಅರ್ಧ ಆಯಸ್ಸು ಹೋಗುತ್ತೆ ಕಣೋ ಎಂದು ರೇಗಿಸುತ್ತಿದ್ದೆ. ಉಳಿದರ್ಧ ಅವನಿಗೆ ಸಿಗಲೇ ಇಲ್ಲ.

ಗಂಟಲಿನ ಆಪರೇಷನ್ ಆದ ಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ತನ್ನ ಮಾತುಗಳನ್ನು ರೆಕಾರ್ಡ್ ಮಾಡಿಟ್ಟು, ಒಂದೊಂದು ಗುಂಡಿಗೆ ಒಂದೊಂದು ಮಾತು ಕೇಳಿಸುವಂತೆ ಪ್ರೋಗ್ರಾಂ ಬರೆದ. ಆಪರೇಷನ್ನಿಗೆ ಹೋದವನು ತಿರುಗಿ ಬರಲಿಲ್ಲ.

ಅದನ್ನು ಕೇಳುವ ಧೈರ್ಯ ಅವನ ಹೆಂಡತಿಗೆ ಬರುವಷ್ಟರಲ್ಲಿ ಹಳೇ ಕಂಪ್ಯೂಟರ್ ಕೈಕೊಡುವ ಹಾಗಾಗಿತ್ತು. ಅವಳು ಎಲ್ಲವನ್ನೂ ಹೊಸದಕ್ಕೆ ಹಾಕಿ, ಫೈಲುಗಳಿರುವ ಜಾಗದ ವಿಳಾಸವನ್ನು ಪ್ರೋಗ್ರಾಂನಲ್ಲಿ ತಾನೇ ಬದಲಿಸಿದಳು. ಯಾವ ಗುಂಡಿ ಒತ್ತಿದರೂ ಒಂದೇ ಉತ್ತರ: ಫೈಲ್ ಸಿಗಲಿಲ್ಲ. ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವ ನನ್ನನ್ನು ಕರೆದಳು.

"ಫೈಲನ್ನೇ ನೇರವಾಗಿ ಒತ್ತಿ ಕೇಳ್ಬಹುದಲ್ಲೇ," ಎಂದೆ.

"ಬೇಡ ಅಕ್ಕ. ಅವ್ರು ಮಾಡಿಟ್ಟಿದ್ದರಲ್ಲೇ ಕೇಳ್ಬೇಕು. ನಂಗೆ ಅಂತ ಒಂದು ಮಾತಾದ್ರೂ ಬಿಟ್ಟು ಹೋಗಿರ್ತಾರೆ."

ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಫೋಲ್ಡರಿನಿಂದ ವಿಳಾಸವನ್ನು, ನಡುನಡುವಿನ ಓರೆಗೆರೆಗಳ ಸಮೇತ, ಇದ್ದಂತೆಯೇ ಅಂಟಿಸಿದ್ದಳು. ಸ್ಕೀಮಿಗೆ ಬ್ಯಾಕ್‌ಸ್ಲ್ಯಾಶ್ ಎಂಬ ಆ ಓರೆಗೆರೆ ಕಂಡರೆ ಅದು ವಿಳಾಸದ ಗೆರೆಯಲ್ಲ, ಅಪ್ಪಣೆ. ಅದರ ಪಕ್ಕ ಎನ್ ಇದ್ದರೆ ಹೊಸ ಸಾಲು, ಟಿ ಇದ್ದರೆ ಖಾಲಿ ಜಾಗ. ಜೋಡಿಯಾಗಿದ್ದರೆ ಮಾತ್ರ ಬರೀ ಗೆರೆ. ಪ್ರತಿ ಬ್ಯಾಕ್‌ಸ್ಲ್ಯಾಶನ್ನೂ ಎರಡೆರಡು ಮಾಡಿ ಗುಂಡಿ ಒತ್ತಿದೆ.

"ನೀರು ಕೊಡು."

ತಮ್ಮನೇ. ಸ್ವಲ್ಪ ಒಡೆದ ದನಿ, ಆದರೆ ಅವನೇ. ಅವಳು ಒಂದೊಂದಾಗಿ ಒತ್ತುತ್ತಾ ಹೋದಳು. ದಿಂಬು ಸರಿಮಾಡು. ಫ್ಯಾನ್ ಆರಿಸು. ಉಪ್ಪು ಜಾಸ್ತಿ ಆಯ್ತು.

"ನೋಡು, ಇದನ್ನ ಮಾತ್ರ ಮರೀಲಿಲ್ಲ," ಎಂದೆ. ಇಬ್ಬರೂ ನಕ್ಕೆವು.

ಕೊನೆಯ ಗುಂಡಿ ಮಾತ್ರ ಸುಮ್ಮನಿತ್ತು. ಫೈಲಿನ ತಾರೀಖು ನೋಡಿದರೆ, ಆಸ್ಪತ್ರೆಗೆ ಹೊರಡುವ ಮುಂಚೆ ಅವಸರದಲ್ಲಿ ಸೇರಿಸಿದ್ದು, ಪರೀಕ್ಷಿಸಿಯೂ ಇರಲಿಲ್ಲ. ಫೈಲಿನ ಹೆಸರಿನ ನಡುವೆ ಜಾಗ ಬಿಟ್ಟಿದ್ದ, ಹಾಗಾಗಿ ದನಿ ಕೇಳಿಸುವ ತಂತ್ರಾಂಶಕ್ಕೆ ಅರ್ಧ ಹೆಸರಷ್ಟೇ ತಲುಪುತ್ತಿತ್ತು. ಹೆಸರು ತುಂಡಾಗದಂತೆ ಅದರ ಸುತ್ತ ಇನ್ನೊಂದು ಜೊತೆ ಉದ್ಧರಣ ಚಿಹ್ನೆ ಬೇಕು, ಆ ಚಿಹ್ನೆಗಳ ಮುಂದೆ ಮತ್ತೆ ಬ್ಯಾಕ್‌ಸ್ಲ್ಯಾಶ್. ಹಾಕುತ್ತಿರುವಾಗಲೇ ನನಗೆ ಭಯವಾಯಿತು. ಅವಳು ಕಾಯುತ್ತಿರುವ ವಿದಾಯದ ಮಾತು ಇದರಲ್ಲಿ ಇರಲಾರದು. ಈ ಮಾತುಗಳನ್ನೆಲ್ಲ ಅವನು ಬಿಟ್ಟುಹೋಗಲೆಂದು ಇಟ್ಟಿರಲಿಲ್ಲ. ಮನೆಗೆ ವಾಪಸು ಬಂದು ಬದುಕಲೆಂದು ಇಟ್ಟಿದ್ದ.

"ಇದೇ ನಂದು," ಎಂದು ಅವಳು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಒತ್ತಿದಳು.

"ಎಲ್ಲಿದ್ದೀಯೇ?" ಒಳಕೋಣೆಯಿಂದ ಅಡುಗೆಮನೆಗೆ ಕೂಗುವಷ್ಟು ದೊಡ್ಡ ದನಿ.

"ಇಲ್ಲೇ ಇದೀನಿ ರೀ," ಎಂದಳು.

ದನಿ ನಿಂತಿತು. ಅವಳು ಮತ್ತೆ ಒತ್ತಿದಳು, ಮತ್ತೆ ಅದನ್ನೇ ಹೇಳಿದಳು.