ಸಾಹೇಬರು ಬೈದ ಹತ್ತು ನಿಮಿಷ

ಸೈರನ್ನಕ್ಕನಿಗೆ ಆ ಬೆಳಿಗ್ಗೆ ಬೇಕಾಗಿದ್ದುದು ಒಂದೇ ಒಂದು. ಅತ್ತೆ ಮನೆಯಿಂದ ಎದ್ದು ಗುಡ್ಡ ಹತ್ತಬೇಕು. ಅತ್ತೆ ಎದ್ದರೆ ಹೊಳೆಬದಿಯ ಬೀದಿಗೆ ಬೀದಿಯೇ ಏಳುತ್ತದೆ, ಅತ್ತೆ ಕೂತರೆ ಎಲ್ಲರೂ ಕೂತುಬಿಡುತ್ತಾರೆ. ಆ ಬೀದಿಯ ಹನ್ನೊಂದು ಮನೆಗಳಲ್ಲಿ ಅತ್ತೆ ಹೊಲಿಯದ ಬಟ್ಟೆಯಿಲ್ಲ, ಅತ್ತೆಯಿಂದ ಬೈಸಿಕೊಳ್ಳದ ಮನುಷ್ಯರಿಲ್ಲ.

ಆದರೆ ಅತ್ತೆ ಜಪ್ಪಯ್ಯ ಅಂದರೂ ಏಳುವುದಿಲ್ಲ ಎಂದು ಹಟ ಹಿಡಿದು ಒಂದು ವರ್ಷವಾಗಿತ್ತು.

ತಪ್ಪು ಸೊಸೆಯದೇ ಎಂದು ಊರೆಲ್ಲ ಹೇಳುತ್ತಿತ್ತು. ಗುಡ್ಡದ ಮೇಲಿನ ಪ್ರವಾಹ ಎಚ್ಚರಿಕೆ ಕಚೇರಿ ಅಂದರೆ ಏನು ಮಹಾ! ಒಂದು ಕೋಣೆ, ಒಂದು ಫೋನು, ಒಂದು ಮೈಕು, ಸೈರನ್ನಿನ ಕೆಂಪು ಗುಂಡಿ, ಮತ್ತೆ ಆ ಗುಂಡಿಯ ಮುಂದೆ ಕೂತ ಸೈರನ್ನಕ್ಕ. ಹೊಳೆ ಹುಟ್ಟುವುದು ಪಕ್ಕದ ದೇಶದಲ್ಲಿ. ಅಲ್ಲಿ ನೀರಿನ ಮಟ್ಟ ಅಳೆಯುವ ಕಂಬದ ಹತ್ತಿರ ಒಬ್ಬ ನಿಂತು ದಿನಾ ಹನ್ನೊಂದಕ್ಕೆ ಫೋನು ಮಾಡುತ್ತಾನೆ. ಇವಳು ಅವನಿಗೆ ಕಂಬದಣ್ಣ ಎಂದು ಹೆಸರಿಟ್ಟಿದ್ದಳು. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಒಬ್ಬರ ಅಂಕೆಗಳನ್ನು ಇನ್ನೊಬ್ಬರು ಕಲಿತಿದ್ದರು, ಅಷ್ಟೇ. ಅವನು ಅಂಕೆಯನ್ನು ಇವಳ ಮಾತಿನಲ್ಲಿ ಹೇಳುತ್ತಿದ್ದ, ಇವಳು ಅದನ್ನೇ ಅವನ ಮಾತಿನಲ್ಲಿ ತಿರುಗಿ ಹೇಳುತ್ತಿದ್ದಳು, ಇಬ್ಬರೂ ಒಂದು ಚೂರು ನಕ್ಕು ಫೋನು ಇಡುತ್ತಿದ್ದರು. ಏಳು ವರ್ಷದ ಸ್ನೇಹವೆಲ್ಲ ಸೊನ್ನೆಯಿಂದ ಒಂಬತ್ತರೊಳಗೇ ನಡೆದಿತ್ತು.

ಹೋದ ವರ್ಷ ಒಂದು ದಿನ ಅವನು 'ಐದು, ಒಂದು, ಎರಡು' ಎಂದ. ಐದು ಮೀಟರು ದಾಟಿದರೆ ಅಪಾಯ. ಇವಳು ಹಿಂದೆ ಮುಂದೆ ನೋಡದೆ ಗುಂಡಿ ಒತ್ತಿದಳು. ಊರಿಗೆ ಊರೇ ಎದ್ದುಬಿದ್ದು ಓಡಿತು. ಅತ್ತೆಯಂತೂ ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದ್ದರು. ಹೊಳೆ ಎರಡು ಮೆಟ್ಟಿಲು ಹತ್ತಿತು, ಬೇಡವೆನಿಸಿತೇನೋ, ಇಳಿದು ಹೋಯಿತು. ಆಮೇಲೆ ತಿಳಿಯಿತು: ಮೇಲಿನ ದೇಶದವರು ಕೊಳೆತ ಕಂಬ ಕಿತ್ತು ಹೊಸದು ನೆಡುವಾಗ ಅದರ ಸೊನ್ನೆಯನ್ನು ಒಂದು ಮೀಟರು ಕೆಳಗೆ ಹೂತಿದ್ದರು. ಅದನ್ನು ತಿಳಿಸುವ ಪತ್ರ ಎರಡು ರಾಜಧಾನಿಗಳ ಮೇಜು ಸುತ್ತುತ್ತ ಇನ್ನೂ ದಾರಿಯಲ್ಲೇ ಇತ್ತು! ಹೊಳೆ ಒಂದೇ, ಸೊನ್ನೆ ಎರಡು. ಅದಕ್ಕೆ ಬೈಗುಳ ತಿಂದವಳು ಮಾತ್ರ ಸೈರನ್ನಕ್ಕ.

"ಇನ್ನೊಂದ್ಸಲ ನಿನ್ನ ಸೈರನ್ನಿಗೆ ನಾನು ಹೊಸ್ತಿಲು ದಾಟಿದ್ರೆ ಕೇಳು" ಎಂದರು ಅತ್ತೆ. ಹೇಳಿದಂತೆ ನಡೆಯುವ ಹೆಂಗಸು ಬೇರೆ.

ಆ ಪೇಚಾಟದ ನಂತರ ಎರಡೂ ದೇಶದ ಎಂಜಿನಿಯರುಗಳು ಒಂದೇ ಮೇಜಿಗೆ ಕೂತು, ಒಂದೇ ಸೊನ್ನೆಗೆ ಒಪ್ಪಿ, ಸಹಿ ಹಾಕಿದರು. ಈಗ ಅದರ ಪರೀಕ್ಷೆಗೆಂದು ಜಂಟಿ ಅಭ್ಯಾಸ. ರಾಜಧಾನಿಯಿಂದ ದೊಡ್ಡ ಸಾಹೇಬರು ಬಂದಿದ್ದರು. ಮೇಲಿನ ದೇಶದಿಂದ ಎಂಜಿನಿಯರ್ ಮೇಡಂ ಬಂದಿದ್ದರು. ಮೇಡಂಗೆ ಇಲ್ಲಿನ ಮಾತು ಅರೆಬರೆ ಬರುತ್ತಿತ್ತು, ನಗು ಮಾತ್ರ ಪೂರ್ತಿ ಬರುತ್ತಿತ್ತು. ಹತ್ತೂವರೆಗೆ ಕಂಬದಣ್ಣ 'ಐದು ಸೊನ್ನೆ ಸೊನ್ನೆ' ಎನ್ನಬೇಕು, ಹನ್ನೊಂದಕ್ಕೆ 'ಆರು ಸೊನ್ನೆ ಸೊನ್ನೆ' ಎನ್ನಬೇಕು. ಎಲ್ಲ ಕಾಗದದಲ್ಲಿತ್ತು.

ಹತ್ತೂವರೆಗೆ ಅಭ್ಯಾಸದ ಉದ್ದದ ಸೈರನ್ ಕೂಗಿದ್ದೇ ಮೇಲಿನ ಬೀದಿಗಳ ಜನ ನಗುನಗುತ್ತ ಗುಡ್ಡ ಹತ್ತಿದರು. ಹತ್ತಿದವರಿಗೆಲ್ಲ ಪುಕ್ಕಟೆ ಚಹಾ, ಒಂದೊಂದು ಹಳದಿ ಟೋಪಿ. ಕ್ಷೌರದವನು ಅರ್ಧ ಗಡ್ಡ ಕೆರೆದಿದ್ದ ಗಿರಾಕಿಯನ್ನು ನೊರೆಸಮೇತ ಎಳೆದುಕೊಂಡು ಬಂದ. ಬ್ಯಾಂಕಿನ ಗುಮಾಸ್ತೆ ಎರಡು ಸಲ ಹತ್ತಿ ಎರಡು ಟೋಪಿ ಹೊಡೆದುಕೊಂಡಳು. ಗುಡ್ಡವೆಲ್ಲ ಗುಲ್ಲೋ ಗುಲ್ಲು.

ಹೊಳೆಬದಿಯ ಬೀದಿ ಮಾತ್ರ ಅಲುಗಲಿಲ್ಲ. ಸೈರನ್ನಕ್ಕ ಬೆಳಿಗ್ಗೆಯೇ ಪೊಲೀಸಪ್ಪನನ್ನು ಅತ್ತೆಯ ಹತ್ತಿರ ಕಳಿಸಿದ್ದಳು. ಅವನು ಹೋದವನು ಅಂಗಿಯ ಬಿಟ್ಟುಹೋದ ಗುಂಡಿ ಹೊಲಿಸಿಕೊಂಡು ಈಗ ವಾಪಸು ಬಂದ.

"ಏನಂದ್ರು?"

"ಗುಂಡಿಗೇನೂ ಕೊಡಬೇಡ, ನನ್ನ ಸೊಸೆಗೆ ಮಾತ್ರ ಸ್ವಲ್ಪ ಬುದ್ಧಿ ಕೊಡು ಅಂದ್ರು" ಎಂದ ಪೊಲೀಸಪ್ಪ.

ಹತ್ತು ನಲವತ್ತಕ್ಕೆ ಫೋನು ಮತ್ತೆ ಬಡಿದುಕೊಂಡಿತು. ಕಾಗದದಲ್ಲಿ ಆ ಹೊತ್ತಿಗೆ ಫೋನೇ ಇರಲಿಲ್ಲ.

"ಐದು. ಎಂಟು. ಮೂರು" ಎಂದ ಕಂಬದಣ್ಣ. ಉಸಿರು ತೆಗೆದುಕೊಳ್ಳದೆ ಇನ್ನೊಮ್ಮೆ ಹೇಳಿದ. ಇವಳು ಅವನ ಮಾತಿನಲ್ಲಿ ತಿರುಗಿ ಹೇಳಿದಳು. ಅವನು ನಗಲಿಲ್ಲ.

ಅವಳು ಮೇಜಿನ ಮೇಲಿನ ಕಾಗದ ನೋಡಿದಳು. ಸಾಹೇಬರುಗಳು ಕಾಗದದ ಮೇಲೆ ಹರಿಸುವ ಹೊಳೆ ಯಾವಾಗಲೂ ಸೊನ್ನೆ ಸೊನ್ನೆಯಲ್ಲೇ ನಿಲ್ಲುತ್ತದೆ. ಐದು ಎಂಟು ಮೂರು ಎಂದು ಬರೆಯುವ ತಾಳ್ಮೆ ಯಾವ ಸಾಹೇಬನಿಗಿದೆ? ಇದು ಕಂಬದ ಮೇಲೆ ಕಣ್ಣಿಟ್ಟು ಓದಿದ ಅಂಕೆ. ಇಲ್ಲಿ ಬಿಸಿಲು ಚುರುಗುಟ್ಟುತ್ತಿದೆ, ಅಲ್ಲಿ ಬೆಟ್ಟದ ಮೇಲೆ ಎಲ್ಲೋ ಮುಗಿಲು ಹರಿದು ಸುರಿದಿದೆ. ಆ ನೀರು ಇಲ್ಲಿಗೆ ಬರಲು ಐವತ್ತು ನಿಮಿಷ ಸಾಕು.

ಅವಳು ನಿಜದ ಸೈರನ್ ಒತ್ತಿದಳು. ಮೂರು ಸಲ, ಚಿಕ್ಕ ಚಿಕ್ಕದಾಗಿ. ಮೈಕು ಹಿಡಿದು ಕೂಗಿದಳು: "ಇದು ಅಭ್ಯಾಸ ಅಲ್ಲ! ನಿಜವಾದ ನೀರು ಬರ್ತಿದೆ! ಹೊಳೆಬದಿಯವರು ಈಗಲೇ ಹೊರಡಿ!"

ಗುಡ್ಡದ ಮೇಲಿನವರು ಚಪ್ಪಾಳೆ ತಟ್ಟಿದರು. "ಭಲೇ ಸೈರನ್ನಕ್ಕಾ, ಎಂಥಾ ನಟನೆ!" ಎಂದ ನೊರೆ ಗಡ್ಡದವನು. ಅವರದೂ ತಪ್ಪಲ್ಲ. ಬೆಳಿಗ್ಗೆಯಿಂದ ಅವಳೇ ಮೂರು ಸಲ 'ನಿಜವಾದ ನೀರೆಂದೇ ತಿಳಿದು ಹೊರಡಿ' ಎಂದು ಕಾಗದ ನೋಡಿ ಓದಿದ್ದಳಲ್ಲ. ದುರ್ಬೀನು ಹಿಡಿದು ಕೆಳಗೆ ನೋಡಿದಳು. ಅತ್ತೆಯ ಜಗಲಿಯ ಸುತ್ತ ನಲವತ್ತು ಜನ ಕೂತು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅತ್ತೆ ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದರು.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದು ದೊಡ್ಡ ಸಾಹೇಬರು ನುಗ್ಗಿದರು, ಹಿಂದೆ ಮೇಡಂ.

"ಯಾರನ್ನ ಕೇಳಿ ನಿಜದ ಸೈರನ್ ಒತ್ತಿದ್ದು ನೀನು?"

"ಸಾರ್, ಐದು ಎಂಟು ಮೂರು ಬಂದಿದೆ. ನಿಜವಾದ ಅಂಕೆ."

"ಇದು ನಿಜ" ಎಂದರು ಮೇಡಂ. "ಅವನು ಸುಮ್ನೆ ಹೇಳೋಲ್ಲ."

"ಮೇಡಂ, ಇವತ್ತು ಹತ್ತರಿಂದ ಹನ್ನೆರಡರವರೆಗೆ ಬರೋ ಅಂಕೆ ಎಲ್ಲಾ ಅಭ್ಯಾಸದ್ದೇ ಅಂತ ನೀವೂ ಸಹಿ ಹಾಕಿದೀರಿ, ನಾನೂ ಹಾಕಿದೀನಿ!" ಸಾಹೇಬರು ಸೈರನ್ನಕ್ಕನ ಕಡೆ ತಿರುಗಿದರು. "ಏನಮ್ಮಾ, ತಲೆ ಇದೆಯಾ ನಿನಗೆ? ಹೋದ ವರ್ಷ ಊರನ್ನೇ ಓಡಿಸಿದೆ, ಈ ವರ್ಷ ಎರಡು ದೇಶದ ಮಾನ ತೆಗೀತಿದೀಯ!"

'ಮಾನ ತೆಗೀತಿದೀಯ' ಎಂಬ ಮಾತು ಒಂದು ಕ್ಷಣ ಬಿಟ್ಟು ಕೆಳಗಿನಿಂದ ಇನ್ನೊಮ್ಮೆ ಕೇಳಿಸಿತು.

ಸೈರನ್ನಕ್ಕನ ಕಿವಿ ನಿಮಿರಿತು. ಗಾಬರಿಯಲ್ಲಿ ಮೈಕು ಆಫ್ ಮಾಡಿರಲಿಲ್ಲ. ಸಾಹೇಬರ ಬೈಗುಳ ಹೊಳೆಬದಿಯ ಬೀದಿದೀಪದ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಖಣಖಣ ಎನ್ನುತ್ತಿತ್ತು. ಅಯ್ಯೋ ಎಂದು ಸ್ವಿಚ್ಚಿಗೆ ಕೈ ಹಾಕಿದವಳು ಇನ್ನೊಂದು ಕೈಯಲ್ಲಿದ್ದ ದುರ್ಬೀನಿನಲ್ಲಿ ಕಿಟಕಿಯಾಚೆ ನೋಡಿದಳು. ಅತ್ತೆ ಸೂಜಿ ಕೆಳಗಿಟ್ಟು ತಲೆ ಎತ್ತಿದ್ದರು.

ಅವಳು ಕೈ ವಾಪಸು ತೆಗೆದಳು.

"ತಲೆ ಇಲ್ಲ ಸಾರ್" ಎಂದಳು, ಮೈಕನ್ನು ಒಂದಿಷ್ಟು ಸಾಹೇಬರ ಕಡೆ ಸರಿಸುತ್ತ. "ನನಗೆ ಮನೆಯಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ, ಅದಕ್ಕೇ ಹೀಗಾಗಿದೀನಿ."

"ಹೌದು, ಕಾಣ್ತಾ ಇದೆ! ಮನೇಲಿ ಹಿರಿಯರು ಅಂತ ಒಬ್ಬರಿದ್ದಿದ್ರೆ ನಿನ್ನಂಥವಳನ್ನ ಕೆಲಸಕ್ಕೆ ಕಳಿಸ್ತಿದ್ರಾ?"

ಕೆಳಗೆ ಅತ್ತೆ ಎದ್ದು ನಿಂತರು! ಸೈರನ್ನಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು, ಅಳುವಷ್ಟು ಭಯವೂ ಆಯಿತು. ಎದ್ದರೆ ಸಾಲದು, ಹೊರಡಬೇಕು. ಅವಳು ಮೇಡಂ ಕಡೆ ನೋಡಿ ಮೈಕಿನ ಕೆಂಪು ದೀಪ ತೋರಿಸಿದಳು, ಕಿಟಕಿ ತೋರಿಸಿದಳು. ಮೇಡಂ ದೀಪ ನೋಡಿದರು, ಕಿಟಕಿ ನೋಡಿದರು, ಮುಖ ಅರಳಿತು. ಮರುಕ್ಷಣವೇ ಸೊಂಟಕ್ಕೆ ಕೈಯಿಟ್ಟು, ತಮ್ಮ ದೇಶದ ಭಾಷೆಯಲ್ಲಿ ಅವಳಿಗೆ ಛೀಮಾರಿ ಹಾಕಲು ಶುರುಮಾಡಿದರು ನೋಡಿ! ಏನು ಬೈದರೋ ದೇವರಿಗೇ ಗೊತ್ತು. ಆಮೇಲೆ ಕೇಳಿದಾಗ ಅರ್ಧ ಬೈಗುಳ, ಅರ್ಧ ಮನೆಗೆ ತರಬೇಕಾದ ಸಾಮಾನಿನ ಪಟ್ಟಿ ಎಂದು ಒಪ್ಪಿಕೊಂಡರು. ಧ್ವನಿ ಮಾತ್ರ ಗೋಡೆ ನಡುಗಿಸುವಂತಿತ್ತು.

ಸಾಹೇಬರಿಗೆ ಪರದೇಶದ ಬೆಂಬಲ ಸಿಕ್ಕ ಹುಮ್ಮಸ್ಸು. "ನೋಡು, ಅವರಿಗೂ ಸಾಕಾಗಿದೆ! ದಡ್ಡಿ! ಸೋಮಾರಿ!"

"ಇನ್ನೂ ಬೈಯಿರಿ ಸಾರ್, ನಿಲ್ಲಿಸ್ಬೇಡಿ" ಎಂದಳು ಸೈರನ್ನಕ್ಕ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

ಹೀಗೆ ಎರಡು ದೇಶಗಳು ಕೂಡಿ ಒಬ್ಬ ಹೆಂಗಸಿಗೆ ಹತ್ತು ನಿಮಿಷ ಬೈದವು. ಅಷ್ಟರಲ್ಲಿ ಅತ್ತೆ ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಕತ್ತರಿ ಸಮೇತ ಬೀದಿಗಿಳಿದಿದ್ದರು. ಅತ್ತೆ ಒಬ್ಬ ಸಾಹೇಬನ ನೀರಿಳಿಸುವುದನ್ನು ನೋಡುವ ಭಾಗ್ಯ ಯಾರು ಬಿಡುತ್ತಾರೆ? ಹನ್ನೊಂದು ಮನೆಯೂ ಹಿಂದೆ ಹೊರಟಿತು. ಮುದುಕರನ್ನು ಕೈಹಿಡಿದು, ಮಕ್ಕಳನ್ನು ಸೊಂಟಕ್ಕೇರಿಸಿ, ನಡೆಯಲಾಗದ ಬಡಗಿಯಜ್ಜನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದರು. "ಬೇಗ ತಳ್ರೋ, ಶುರುವಾಗಿಬಿಡುತ್ತೆ!" ಎಂದು ಅಜ್ಜ ಕೂಗುವುದು ಗುಡ್ಡದ ಮೇಲಕ್ಕೂ ಕೇಳಿಸುತ್ತಿತ್ತು. ಸೈರನ್ನಕ್ಕ ತಲೆ ಎಣಿಸುತ್ತ ಹೋದಳು.

ಹನ್ನೊಂದೂ ಕಾಲಿಗೆ ಅತ್ತೆ ಬಾಗಿಲಲ್ಲಿ ನಿಂತರು.

"ಯಾರ್ರೀ ಅದು ನನ್ನ ಸೊಸೆಗೆ ತಲೆ ಇಲ್ಲ ಅಂದಿದ್ದು?"

ಸಾಹೇಬರು ಕತ್ತರಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ತಲೆ ಇಲ್ಲ, ಹೌದು! ಹೇಳೋಕೆ ನಾನಿದೀನಿ! ಹದಿನಾಲ್ಕು ವರ್ಷದಿಂದ ದಿನಾ ಹೇಳ್ತಿದೀನಿ! ನೀವ್ಯಾರ್ರೀ ಮಧ್ಯೆ ಬಾಯಿ ಹಾಕೋಕೆ? ಬೆಳಿಗ್ಗೆ ಐದಕ್ಕೆ ಎದ್ದು ಮನೆಕೆಲಸ ಎಲ್ಲಾ ಮುಗಿಸಿ, ಈ ಗುಡ್ಡ ಹತ್ತಿ ನಿಮ್ಮ ಫೋನು ಕಾಯ್ತಾಳೆ. ಜ್ವರ ಬಂದ್ರೂ ಒಂದು ದಿನ ರಜ ಹಾಕಿಲ್ಲ. ಸೋಮಾರಿ ಅಂತೀರಾ ಅವಳನ್ನ? ನಿಮ್ಮ ಅಂಗಿ ಹೊಲಿದೋನು ಸೋಮಾರಿ! ನೋಡ್ರೀ ಆ ತೋಳು, ಒಂದು ಉದ್ದ ಒಂದು ಗಿಡ್ಡ!"

ಹೊರಗೆ ಇಡೀ ಊರು ಕೇಕೆ ಹಾಕಿತು. ಸೈರನ್ನಕ್ಕನಿಗೆ ಏನೂ ಕಾಣಿಸಲಿಲ್ಲ, ಕಣ್ಣು ತುಂಬಿ ಬಂದಿತ್ತು. ಹದಿನಾಲ್ಕು ವರ್ಷದಲ್ಲಿ ಅತ್ತೆ ಇಷ್ಟೊಂದು ಹೊಗಳಿದ್ದೇ ಇಲ್ಲ. ಅತ್ತೆಯ ದನಿ ಧ್ವನಿವರ್ಧಕ ಹೊಕ್ಕು ಖಾಲಿ ಬೀದಿಯಲ್ಲೆಲ್ಲ ಸುತ್ತಿ ತಿರುಗಿ ಗುಡ್ಡಕ್ಕೆ ಬರುತ್ತಿತ್ತು. ಕಾಲು ಗಂಟೆ ಬಿಡುವಿಲ್ಲದೆ ಸಾಹೇಬರ ಬೆವರಿಳಿಸಿದರು.

"ಇನ್ನೊಂದ್ಸಲ ನನ್ನ ಮನೆ ಮಗಳಿಗೆ..." ಎಂದರು ಅತ್ತೆ.

"ಇನ್ನೊಂದ್ಸಲ ನನ್ನ..." ಎಂದಿತು ಕೆಳಗಿನ ಧ್ವನಿವರ್ಧಕ. ಗೊರಗೊರ ಎಂದು ನಿಂತುಹೋಯಿತು.

ಎಲ್ಲರೂ ತಿರುಗಿ ನೋಡಿದರು. ಹೊಳೆಬದಿಯ ಬೀದಿಯಲ್ಲಿ ಬೀದಿ ಇರಲಿಲ್ಲ. ಕಂದು ನೀರು ಅತ್ತೆಯ ಜಗಲಿ ದಾಟಿ, ಕಿಟಕಿ ಹೊಕ್ಕು, ಮರದ ದಿಮ್ಮಿಗಳನ್ನು ಉರುಳಿಸುತ್ತ ಹೋಗುತ್ತಿತ್ತು. ನೊರೆ ಗಡ್ಡದವನು ಟೋಪಿ ತೆಗೆದ. ಸಾಹೇಬರು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

ಅತ್ತೆಯ ಕೈಯಿಂದ ಕತ್ತರಿ ಜಾರಿತು. "ಎಲ್ಲರೂ ಬಂದ್ರೇನೇ?" ಎಂದರು.

"ಬಂದ್ರು ಅತ್ತೆ. ನಿಮ್ಮ ಹಿಂದೆ ನಲವತ್ತು ಜನ. ನೀವು ಸೇರಿ ನಲವತ್ತೊಂದು. ಒಬ್ಬರೂ ಉಳಿದಿಲ್ಲ."

ಅತ್ತೆ ಮೇಜಿನ ಮೇಲಿನ ಮೈಕು ನೋಡಿದರು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ಇದು ಆನ್ ಆಗಿದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ನಾನು ಬರ್ತೀನಿ ಅಂತಾನೂ ಗೊತ್ತಿತ್ತಾ?"

"ಅದು ಗೊತ್ತಿರ್ಲಿಲ್ಲ" ಎಂದಳು ಸೈರನ್ನಕ್ಕ, ಬಿಕ್ಕುತ್ತ. "ಬಂದ್ರೆ ಸಾಕು ಅಂದ್ಕೊಂಡಿದ್ದೆ."

ಅತ್ತೆ ಅವಳ ಕೆನ್ನೆಗೆ ಒಂದು ಏಟು ಕೊಡುವಂತೆ ಕೈ ಎತ್ತಿ, ಅದೇ ಕೈಯಿಂದ ಅವಳನ್ನು ಎದೆಗೆ ಒತ್ತಿಕೊಂಡರು. "ಬರ್ದೇ ಇರ್ತೀನೇನೇ ದಡ್ಡಿ" ಎಂದರು.